ಮೈಲಿಗೆಯಾದ ಬೈಕು

ನಮ್ಮ ಊರಿಗೆಲ್ಲ ಮೂರೇ ಬೈಕುಗಳಿದ್ದ ಕಾಲ. ಅದರಲ್ಲೊಂದು ಅಪ್ಪನದು. ಕಬ್ಬಾಳಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಉಳಿದವರು ರೇಷ್ಮೆಗೂಡನ್ನು ಬಸ್ಸಿಗೆ ಹೇರಿಕೊಂಡು ರಾಮನಗರದ ಮಾರುಕಟ್ಟೆಗೆ ಹೋದರೆ, ಅಪ್ಪ ಬೈಕಿಗೆ ಮೂಟೆ ಕಟ್ಟಿಕೊಂಡು ಹೋಗುತ್ತಿದ್ದ. ನನಗೆ ಹದಿನಾಲ್ಕು ತುಂಬಿದ ಬೇಸಿಗೆಯಲ್ಲಿ, ಒಣಗಿದ ಕೆರೆಯಂಗಳದಲ್ಲಿ, ಅವನೇ ನನಗೆ ಬೈಕು ಕಲಿಸಿದ. "ಕ್ಲಚ್ಚು ಮೆಲ್ಲಗೆ ಬುಡವ್ವ, ಹೆದರ್ಬೇಡ" ಎನ್ನುತ್ತ ಪಕ್ಕದಲ್ಲೇ ಏದುಸಿರು ಬಿಟ್ಟುಕೊಂಡು ಓಡಿ ಬರುತ್ತಿದ್ದ. ನೋಡಿ ನಕ್ಕವರಿಗೆ, "ನಿಮ್ಮ ಹೈಕ್ಳಿಗೆ ಬರ್ತದಾ ಇಷ್ಟು?" ಎಂದು ಕೇಳುತ್ತಿದ್ದ.

ಆ ವರ್ಷ ಆಯುಧಪೂಜೆಯ ಬೆಳಿಗ್ಗೆ ಬೈಕು ತೊಳೆದವಳು ನಾನೇ. ಪೂಜೆ ಮಾಡಿದವನು ದೊಡ್ಡಪ್ಪ. ಗಂಧ ಕಲಸಿ, ಅದರ ಮೇಲೆ ಕುಂಕುಮ ಒತ್ತಿ, ಪೆಟ್ರೋಲ್ ಟ್ಯಾಂಕಿನ ಮೇಲೆಲ್ಲ ಬಳಿದ. ಚಕ್ರದಡಿ ನಿಂಬೆಹಣ್ಣು ಚಿದುಕಿದ್ದೂ ಆಯಿತು, ಪುರಿ ಹಂಚಿದ್ದೂ ಆಯಿತು. ಮಧ್ಯಾಹ್ನ ಒಬ್ಬಟ್ಟು ತಿನ್ನುವ ಹೊತ್ತಿಗೆ ನಾನು ಮುಟ್ಟಾದೆ. ಮೂರು ದಿನ ಹಿತ್ತಿಲ ಕೋಣೆಯಲ್ಲಿ ಕೂರಿಸಿದ್ದರಿಂದ ಮನೆಮಂದಿಗೆಲ್ಲ ಅದು ಗೊತ್ತಾಯಿತು.

ಹಬ್ಬ ಮುಗಿದ ಎರಡೇ ದಿನಕ್ಕೆ ಬೈಕು ಕೆಟ್ಟಿತು. ನಿಧಾನಕ್ಕೆ ಹೋದರೆ ಏನೂ ಇಲ್ಲ. ಜೋರು ಕೊಟ್ಟರೆ ಎಂಜಿನ್ ತಡವರಿಸಿ, ಕೆಮ್ಮಿ, ನಿಂತೇಹೋಗುತ್ತಿತ್ತು. ಸಾತನೂರಿನ ಮೆಕ್ಯಾನಿಕ್ ಮೊದಲು ಟ್ಯಾಂಕಿನ ಮುಚ್ಚಳ ತೆಗೆದು ಪೆಟ್ರೋಲ್ ನೋಡಿದ. ಪ್ಲಗ್ ಬದಲಿಸಿದ, ಕಾರ್ಬೊರೇಟರ್ ಬಿಚ್ಚಿ ತೊಳೆದ, ಒಂದು ಸುತ್ತು ಓಡಿಸಿಕೊಂಡು ಬಂದ. ಚೆನ್ನಾಗಿಯೇ ಓಡಿತು. "ಗಾಡೀಲಿ ಏನೂ ಇಲ್ಲ ಯಜಮಾನ್ರೇ" ಎಂದ. ಊರು ಮುಟ್ಟುವಷ್ಟರಲ್ಲಿ ಮತ್ತೆ ಅದೇ ಕೆಮ್ಮು.

"ಗಾಡೀಲಿ ಇಲ್ಲ ಅಂದ್ಮೇಲೆ ಇನ್ನೆಲ್ಲೈತೆ?" ಎಂದ ದೊಡ್ಡಪ್ಪ, ಜಗುಲಿಯ ಮೇಲೆ ಕೂತು. "ಹಬ್ಬದ ದಿನ ಮೈಲಿಗೇಲಿ ಮುಟ್ಟವ್ಳೆ ನಿನ್ನ ಮಗಳು. ಕಬ್ಬಾಳಮ್ಮ ಸುಮ್ಕೆ ಬುಟ್ಟಾಳಾ?"

"ತೊಳ್ದಾಗ ನಾನಿನ್ನೂ ಆಗಿರ್ಲಿಲ್ಲ ದೊಡ್ಡಪ್ಪ."

ಅವನು ನನ್ನ ಕಡೆ ತಿರುಗಲೂ ಇಲ್ಲ. ಅಪ್ಪ ನೆಲ ನೋಡುತ್ತ, "ಇನ್ಮೇಲೆ ಗಾಡಿ ತಂಟೆಗೆ ಹೋಗ್ಬೇಡ" ಎಂದ. ಬೈಕಿಗೆ ಗಂಜಲ ಚಿಮುಕಿಸಿ ಶುದ್ಧಿ ಮಾಡಿದರು. ದೊಡ್ಡಪ್ಪ ಟ್ಯಾಂಕಿಗೆ, ಮುಚ್ಚಳಕ್ಕೆ ಇನ್ನೊಂದು ಸುತ್ತು ಗಂಧ ಕುಂಕುಮ ಮೆತ್ತಿದ. ಮಾರನೆಯ ದಿನದಿಂದ ಬೈಕು ಮೊದಲಿಗಿಂತ ಬೇಗ ನಿಲ್ಲತೊಡಗಿತು. ಅದಕ್ಕೂ ನಾನೇ ಕಾರಣವಾದೆ.

ಅಷ್ಟರಲ್ಲಿ ಗೂಡು ಬಿಡಿಸಿ ಆಗಿತ್ತು. ತಡವಾದರೆ ಚಿಟ್ಟೆ ಗೂಡು ಕೊರೆದು ಹೊರಬರುತ್ತದೆ, ಆಮೇಲೆ ಕೊಳ್ಳುವವರಿರುವುದಿಲ್ಲ. ದಾರಿಯಲ್ಲಿ ಬೈಕು ನಿಂತರೆ ಮೂಟೆ ಹಿಡಿದುಕೊಳ್ಳಲು ಜನ ಬೇಕಿತ್ತು. ಅವ್ವ ಇನ್ನೊಂದು ತಂಡದ ಹುಳುವಿಗೆ ಸೊಪ್ಪು ಹಾಕುತ್ತಿದ್ದಳು. ಹಾಗಾಗಿ ಅಪ್ಪ ನನ್ನನ್ನೇ ಹಿಂದೆ ಕೂರಿಸಿಕೊಂಡ. ಬೈಕು ಮುಟ್ಟಬಾರದು, ಆದರೆ ಅದರ ಮೇಲೆ ಕೂತು ಮೂಟೆ ಹಿಡಿಯಬಹುದು! ಆ ಮೈಲಿಗೆ ಎಂಥದೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಚನ್ನಪಟ್ಟಣದ ದಾರಿಯಲ್ಲಿ ಬೈಕು ಎರಡು ಸಲ ನಿಂತಿತು. ಎರಡು ಸಲವೂ ಅಪ್ಪ ಮುಚ್ಚಳ ತೆಗೆದು ಟ್ಯಾಂಕಿನೊಳಗೆ ಇಣುಕಿದ. ತೆಗೆದಾಗ ಗಾಳಿ ಸುಯ್ಯೆಂದು ಒಳಕ್ಕೆ ಹೋಗುತ್ತಿತ್ತು. ಮುಚ್ಚಿ ಒದ್ದರೆ ಬೈಕು ಸಲೀಸಾಗಿ ಹೊರಡುತ್ತಿತ್ತು. ಮೂರನೆಯ ಸಲ ನಿಂತಾಗ ನನಗೆ ಹೊಳೆಯಿತು. ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದರೆ ಎಣ್ಣೆ ಸರಿಯಾಗಿ ಬರುವುದಿಲ್ಲ. ಗಾಳಿಗೆಂದು ಇನ್ನೊಂದು ತೂತು ಬೇಕು.

"ಅಪ್ಪ, ಮುಚ್ಚಳದ ತೂತು ಕಟ್ಕೊಂಡೈತೆ. ಗಾಳಿ ಹೋಗ್ತಿಲ್ಲ, ಅದ್ಕೇ ಪೆಟ್ರೋಲ್ ಇಳೀತಿಲ್ಲ."

"ಸುಮ್ಕಿರು."

ನಾನು ಸುಮ್ಮನಿರಲಿಲ್ಲ. ಮುಚ್ಚಳವನ್ನು ಅವನ ಕೈಯಿಂದ ಕಿತ್ತುಕೊಂಡೆ. ಲಂಗಕ್ಕೆ ಚುಚ್ಚಿದ್ದ ಪಿನ್ನು ತೆಗೆದು ತೂತಿಗೆ ತೂರಿಸಿ ಕೆದಕಿದೆ. ಒಣಗಿ ಗಟ್ಟಿಯಾದ ಗಂಧ ಕುಂಕುಮ ಗಾಯದ ಹಕ್ಕಳೆಯಂತೆ ಎದ್ದು ಬಂತು. ಊದಿದೆ, ಗಾಳಿ ಆಚೆ ಹೋಯಿತು. ಅದನ್ನೆಲ್ಲ ಅಪ್ಪನ ಅಂಗೈ ಮೇಲೇ ಉದುರಿಸಿದೆ.

ಅಲ್ಲಿಂದ ರಾಮನಗರದವರೆಗೂ ಬೈಕು ಒಮ್ಮೆಯೂ ಕೆಮ್ಮಲಿಲ್ಲ. ಹರಾಜಿಗೆ ಸರಿಯಾಗಿ ಮುಟ್ಟಿದೆವು. ಗೂಡಿನ ವಾಸನೆ ಹೊಡೆಯುವ ಕೈಯಲ್ಲೇ ಹೋಟೆಲಿನಲ್ಲಿ ದೋಸೆ ತಿಂದೆವು. "ತಲೆ ಐತೆ ಕಣವ್ವ ನಿಂಗೆ" ಎಂದ ಅಪ್ಪ. ಆ ಮಾತು ಕೇಳಿ ಹಿಗ್ಗಿಹೋದೆ.

ಮನೆ ಮುಟ್ಟಿದಾಗ ದೊಡ್ಡಪ್ಪ ಜಗುಲಿಯಲ್ಲೇ ಇದ್ದ. "ಹೆಂಗೋಯ್ತ್ಲಾ ಗಾಡಿ?" ಎಂದು ಕೇಳಿದ.

ಅಪ್ಪ ಬೈಕಿಗೆ ಸ್ಟ್ಯಾಂಡ್ ಹಾಕಿದ. "ಸರೋಯ್ತು ಕಣಣ್ಣ. ನೀನು ಶುದ್ಧಿ ಮಾಡಿದ್ದೇ ಒಳ್ಳೇದಾಯ್ತು ನೋಡು."

ನನ್ನ ಮೈಯೆಲ್ಲ ಉರಿದುಹೋಯಿತು. "ಸುಳ್ಳು. ದೊಡ್ಡಪ್ಪ ಮೆತ್ತಿದ ಕುಂಕುಮನೇ ತೂತು ಮುಚ್ಚಿದ್ದು. ತೆಗೆದಿದ್ದು ನಾನು. ಹೇಳಪ್ಪ" ಎಂದೆ. ಅಪ್ಪ ಹೇಳಲಿಲ್ಲ. ದೊಡ್ಡವರ ಮುಂದೆ ಬಾಯಿ ಮಾಡುತ್ತೀಯಾ ಎಂದು ಕೆನ್ನೆಗೆ ಹೊಡೆದ. ಅಲ್ಲಿಯವರೆಗೆ ಅವನು ನನ್ನನ್ನು ಹೊಡೆದವನಲ್ಲ.

ಮುಂದಿನ ಬೇಸಿಗೆಯಲ್ಲಿ, ದೊಡ್ಡಪ್ಪ ಮಾಗಡಿಗೆ ನೆಂಟರ ಮನೆಗೆ ಹೋಗಿದ್ದಾಗ, ಅಪ್ಪ ಬಂದು ಕರೆದ. "ಬಾರವ್ವ, ಒಂದು ರೌಂಡ್ ಓಡ್ಸೀಯಂತೆ."

"ದೊಡ್ಡಪ್ಪ ಜಗುಲೀಲಿ ಕೂತಿರುವಾಗ ಕರಿ, ಬತ್ತೀನಿ" ಎಂದೆ.

ಈಗ ನನ್ನದೇ ಬೈಕಿದೆ. ಕೆಟ್ಟರೆ ಅರ್ಧ ರಿಪೇರಿ ನಾನೇ ಮಾಡಿಕೊಳ್ಳುತ್ತೇನೆ. ದೊಡ್ಡಪ್ಪ ತೀರಿಕೊಂಡ, ಅವನ ಮೇಲಿನ ಸಿಟ್ಟೂ ಅವನ ಜೊತೆಗೇ ಹೋಯಿತು. ಅವನು ಕಣ್ಣಾರೆ ಏನನ್ನೂ ಕಂಡಿರಲಿಲ್ಲ. ಅಪ್ಪ ಕಂಡಿದ್ದ. ಅಪ್ಪನ ಮೇಲಿನ ಸಿಟ್ಟು ಇನ್ನೂ ಹಾಗೇ ಇದೆ. ಇಬ್ಬರೂ ಹೊಲದ ಮಾತು, ಮಳೆಯ ಮಾತು ಎಲ್ಲ ಆಡುತ್ತೇವೆ; ಊರೆದುರು ನನ್ನ ಪರವಾಗಿ ನಿಲ್ಲುತ್ತಿದ್ದ ಅಪ್ಪ ಮಾತ್ರ ನನಗೆ ಮತ್ತೆ ಸಿಗಲಿಲ್ಲ. ದೊಡ್ಡಪ್ಪ ಆಮೇಲೆ ಒಂಬತ್ತು ವರ್ಷ ಅದೇ ಜಗುಲಿಯ ಮೇಲೆ ಕೂತಿದ್ದ. ಅಪ್ಪ ಒಂದು ದಿನವೂ ನನ್ನನ್ನು ಕರೆಯಲಿಲ್ಲ.