ಉಗಿ ಇಂಜಿನ್ನಿಗೊಂದು ಕೊಸರು

ಆ ಭಾನುವಾರವೂ ಬೆಳಗ್ಗಿನ ಪೂಜೆಗೆ ಇಗರ್ಜಿಗೆ ಹೋಗಿ ಬಂದು, ಒಲೆಯ ಮೇಲೆ ಇಡ್ಲಿಯಂಥ ಸನ್ನಣ ಬೇಯಲಿಕ್ಕೆ ಇಟ್ಟಿದ್ದೆ. ಪರ್ಕಳದ ನಮ್ಮ ಬಾಡಿಗೆ ಮನೆಯ ಗೇಟಿನಲ್ಲಿ ಮೀನಿನವಳು ಬುಟ್ಟಿ ಇಳಿಸಿದಳು. ಬಂಗುಡೆಯ ಕಿವಿರು ಎತ್ತಿ ನೋಡಿ, ಕ್ರಯ ಮಾತಾಡಿ, ದುಡ್ಡು ಕೊಟ್ಟ ಮೇಲೂ ನಾನು ಪಾತ್ರೆ ಹಿಡಿದೇ ನಿಂತೆ.

"ಇನ್ನೆಂತ ಬಾಯಮ್ಮ? ಲೆಕ್ಕ ಆಯ್ತಲ್ಲ?"

"ಮೇಲಿಂದ ಹಾಕುವುದು ಯಾರು? ನಾನಾ?"

"ಶಾಲೆ ಕಲಿತವರು ನೀವು, ಎರಡು ಮೀನಿಗೆ ಬಾಯಿ ಬಿಡ್ತೀರಲ್ಲ!" ಎನ್ನುತ್ತ ಎರಡು ಸಣ್ಣವನ್ನು ಹಾಕಿಯೇ ಹೋದಳು.

ಒಳಗೆ ಬಂದರೆ ನನ್ನ ಗಂಡ ಕಂಪ್ಯೂಟರಿನ ಮುಂದೆ ಸುಮ್ಮನೆ ಕೂತಿದ್ದರು. ಮಣಿಪಾಲದ ಪ್ರೆಸ್ಸಿನ ಕೆಲಸ ಬಿಟ್ಟರೆ ಅವರಿಗಿದ್ದ ಹುಚ್ಚು ಒಂದೇ, ಕಂಪ್ಯೂಟರಿನಲ್ಲಿ ರೈಲು ಓಡಿಸುವ ಆಟ. ಆಟದ ಸಿಡಿ ಮನೆಯಲ್ಲಿತ್ತು. ಹೊಸ ಇಂಜಿನ್ ಬೇಕಾದರೆ ಮಾತ್ರ ಪ್ರತ್ಯೇಕ ಕೊಳ್ಳಬೇಕು. ಇಂಗ್ಲೆಂಡಿನ ಒಬ್ಬರು ಮನೆಯಲ್ಲೇ ಕೂತು ಆ ಆಟಕ್ಕಾಗಿ ಒಂದು ಉಗಿ ಇಂಜಿನ್ ತಯಾರಿಸುತ್ತಿದ್ದರು. ಕಳೆದ ಮಳೆಗಾಲದಿಂದ ಇವರು ಇಂಟರ್ನೆಟ್ಟಿನಲ್ಲಿ ಅದರ ಚಿತ್ರ ನೋಡುತ್ತ ಕಾದಿದ್ದರು. ಒಂದು ವಾರ ಚಕ್ರಕ್ಕೆ ಬಣ್ಣ ಬಂತು, ಇನ್ನೊಮ್ಮೆ ಹೊಗೆ ಬಂತು. ಪ್ರತಿ ಸಲ ನನ್ನನ್ನು ಅಡುಗೆಮನೆಯಿಂದ ಕರೆದು ತೋರಿಸುವರು. ಉಡುಪಿಗೆ ರೈಲು ಬಂದದ್ದೇ ತಡವಾಗಿ, ಅದೂ ಡೀಸೆಲ್ ಇಂಜಿನ್ನಿನದು. ಇವರು ಉಗಿ ಇಂಜಿನ್ ಕಂಡದ್ದು ಚಿಕ್ಕಂದಿನಲ್ಲಿ ಒಮ್ಮೆ, ಕಾಪುವಿನಿಂದ ಅಪ್ಪನ ಜೊತೆ ಮಂಗಳೂರಿಗೆ ಹೋದಾಗ.

"ಬಂತಾ?" ಎಂದೆ.

"ಬಂತು. ಕ್ರಯವೂ ಬಂತು."

ಪೌಂಡನ್ನು ರೂಪಾಯಿ ಮಾಡಿ ಹೇಳಿದರು. ಇಡೀ ಆಟಕ್ಕೆ ಕೊಟ್ಟದ್ದಕ್ಕಿಂತ ಆ ಒಂದು ಇಂಜಿನ್ನಿಗೇ ಹೆಚ್ಚು! "ಬೇಡ ಬಿಡು. ಕೈಯಲ್ಲಿ ಮುಟ್ಟಲಿಕ್ಕೂ ಸಿಗದ ವಸ್ತು," ಎಂದರು. ಹಾಗೆಂದರೂ ಚಿತ್ರವನ್ನು ಮುಚ್ಚಲಿಲ್ಲ. ಅದರ ಹೊಗೆಕೊಳವೆಯ ಮೇಲೆ ಕೂತಿದ್ದ ಪರದೆಯ ಧೂಳನ್ನು ಬೆರಳಿನಿಂದ ಮೆಲ್ಲಗೆ ಒರೆಸಿದರು.

"ಕೇಳಿ ನೋಡುವ."

"ಎಂತ ಕೇಳುವುದು? ಅದು ಮೀನು ಮಾರ್ಕೆಟ್ಟಾ?"

"ಕ್ರಯ ಇಳಿಸಿ ಅಂತ ಕೇಳುವುದಿಲ್ಲ. ಅದು ಅವರ ದುಡಿಮೆ ಅಲ್ವಾ?"

ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ಪತ್ರಲೇಖನ ಅಲ್ಲಿಯವರೆಗೆ ಎಲ್ಲೂ ಉಪಯೋಗಕ್ಕೆ ಬಿದ್ದಿರಲಿಲ್ಲ. ಗೌರವದಿಂದ ಇಂಗ್ಲಿಷಿನಲ್ಲಿ ಇ-ಮೇಲ್ ಬರೆದೆ. ನಮ್ಮಲ್ಲಿ ಕ್ರಯ ಕೊಟ್ಟು ಮೀನು ಕೊಂಡವರಿಗೆ ಮೇಲಿಂದ ಒಂದೆರಡು ಹಾಕುವ ಕ್ರಮ ಉಂಟು, ಅದಕ್ಕೆ ಕೊಸರು ಎನ್ನುತ್ತೇವೆ, ನಿಮ್ಮಲ್ಲಿಯೂ ಅಂಥದ್ದಿದ್ದರೆ ದಯವಿಟ್ಟು ತಿಳಿಸಿ ಎಂದೆ. "ಮಾನ ತೆಗೀತಿ ಮಾರಾಯ್ತಿ," ಎಂದು ಇವರು ಎದ್ದರು. ಆದರೂ ನಾನು ಕಳುಹಿಸುವವರೆಗೆ ಬಾಗಿಲು ಬಿಟ್ಟು ಕದಲಲಿಲ್ಲ.

ಮಧ್ಯಾಹ್ನ ಊಟ ಮುಗಿದು ಪಾತ್ರೆ ತೊಳೆಯುವಾಗ ಉತ್ತರ ಬಂತು. ಕ್ರಯ ಇಳಿಸಲಾಗದು, ಆದರೆ ತಾನು ಹಿಂದೆ ಮಾಡಿದ ಒಂದು ಗಿಡ್ಡ ಇಂಜಿನ್ನನ್ನೂ ಎರಡು ಕಲ್ಲಿದ್ದಲ ಬೋಗಿಗಳನ್ನೂ ಮೀನಿನ ಲೆಕ್ಕದಲ್ಲಿ ಸೇರಿಸಿ ಕೊಡುತ್ತೇನೆ ಎಂದು ಬರೆದಿದ್ದರು. ಇವರು ಅದನ್ನು ಗಟ್ಟಿಯಾಗಿ ಓದಿದರು, ಮತ್ತೆ ಮನಸ್ಸಿನಲ್ಲೇ ಓದಿಕೊಂಡರು.

"ಕೊಸರು ಹಾಕಿಸಿಕೊಂಡು ಬಿಟ್ಟು ಬರಲಿಕ್ಕೆ ಆಗ್ತದಾ?" ಎಂದೆ.

ದುಬೈಯಲ್ಲಿದ್ದ ಮೈದುನನಿಗೆ ಫೋನ್ ಮಾಡಿದೆವು. ಆಗ ಇಂಟರ್ನೆಟ್ಟಿನಲ್ಲಿ ಪರದೇಶಕ್ಕೆ ದುಡ್ಡು ಕಟ್ಟುವಂಥ ಕಾರ್ಡು ಇದ್ದದ್ದು ಅವನಲ್ಲಿ ಮಾತ್ರ. "ರೈಲೇ ತೆಗೆದ್ರಾ ಅತ್ತಿಗೆ? ನಿಲ್ಲಿಸುವುದೆಲ್ಲಿ, ಅಂಗಳದಲ್ಲಾ?" ಎಂದು ನಗುತ್ತಲೇ ದುಡ್ಡು ಕಟ್ಟಿದ.

ಸಂಜೆ ಇಂಜಿನ್ ಕಂಪ್ಯೂಟರಿಗೆ ಇಳಿಯಿತು. ಇವರು ಊಟಕ್ಕೆ ಕೂರುವವರ ಹಾಗೆ ಕೈ ತೊಳೆದು ಬಂದು ಕೂತರು. ಮೊದಲು ಉಸ್ಸೆಂದಿತು, ಆಮೇಲೆ ಚಕ್ರಗಳನ್ನು ಸೇರಿಸುವ ಸರಳುಗಳು ನಿಧಾನವಾಗಿ ಹಿಂದೆ ಮುಂದೆ ಆಡಿದವು. ಇವರು ಸಿಳ್ಳೆ ಹಾಕಿಸಿದರು. ಅಂಗಳದ ಹಗ್ಗದಿಂದ ಬಟ್ಟೆ ತೆಗೆಯುತ್ತಿದ್ದ ಪಕ್ಕದ ಮನೆಯ ಹುಬ್ಬಳ್ಳಿಯಾಕೆ ಕಿಟಕಿಯಲ್ಲಿ ಇಣುಕಿದರು.

"ಕರೀ ಇಂಜಿನ್ ಏನ್ರಿ? ನಾವ್ ಸಣ್ಣಾವ್ರಿದ್ದಾಗ ಸ್ಟೇಷನ್ ಬಾಜೂಕ ಇದ್ವಿ."

ಪರದೆಯಲ್ಲಿ ಹೊಗೆ ಏಳುವುದನ್ನು ನೋಡಿದರು. ಆಮೇಲೆ ಬಕೆಟ್ಟು ಸೊಂಟಕ್ಕೇರಿಸಿಕೊಂಡು ಹೊರಟರು.

"ಇದು ಛಲೋ ಬಿಡ್ರಿ ಅಕ್ಕಾರ. ಒಗದ ಅರಿವಿ ಮ್ಯಾಲ ಮಸಿ ಬೀಳೂದಿಲ್ಲ."