ಮಾವನಿಗೆ ನಾನು ಕೊಟ್ಟ ಕಷ್ಟಗಳು

ನಮ್ಮ ಮಾವ ಕುಡಿಯುವುದಿಲ್ಲ. ಅವರಿಗೆ ಕುಡಿಸಿದವನು ನಾನು.

ಅತ್ತೆ ಮಾವನನ್ನು ಬಿಟ್ಟು ಹೋಗಿಲ್ಲ. ಸುರಿಯುವ ಮಳೆಯಲ್ಲಿ ಟ್ರಂಕು ಹೊರಿಸಿ ಬಸ್ಸು ಹತ್ತಿಸಿದವನೂ ನಾನೇ. ಹೋಗುವ ಮುಂಚೆ ಮಾವನ ಚಿತ್ರಗಳನ್ನೆಲ್ಲ ಅತ್ತೆಯ ಕೈಯಿಂದಲೇ ನೀರೊಲೆಗೆ ಹಾಕಿಸಿದೆ. ಇಷ್ಟೆಲ್ಲ ಮಾಡಿದ್ದು ಕುರ್ಚಿಯಲ್ಲಿ ಕೂತು, ಅದೇ ಅತ್ತೆ ಡಬ್ಬಿಗೆ ಹಾಕಿ ಕೊಟ್ಟ ಮುರುಕ್ಕು ತಿನ್ನುತ್ತಾ.

ಗಾಬರಿ ಬೇಡ. ನಾನು ಮಾಟಗಾರನಲ್ಲ, ಕಾದಂಬರಿಕಾರ. (ಎರಡರಲ್ಲಿ ಯಾವುದು ಹೆಚ್ಚು ಅಪಾಯ ಅನ್ನುವುದು ಈ ವಾರ ನನಗೇ ಗೊತ್ತಾಗುತ್ತಿಲ್ಲ.)

ಈ ಅಂಕಣ ಓದುವವರಿಗೆ ನನ್ನ ಕಸುಬು ಗೊತ್ತು. ಮದುವೆ ಮನೆಗಳಲ್ಲಿ ಬೀಗರ ದನಿ ಮಾಡಿ ಬೀಗರ ಮುಂದೆಯೇ ಚಪ್ಪಾಳೆ ಗಿಟ್ಟಿಸುವ ಮಿಮಿಕ್ರಿ ಆಸಾಮಿ. ಅದು ಸಾಲದು ಅನ್ನಿಸಿ, ಕಳೆದ ವರ್ಷ ಹದಿಹರೆಯದವರಿಗಾಗಿ ಒಂದು ಕಾದಂಬರಿ ಬರೆದೆ. ರೂಪ ಮಾತ್ರ ಜೀವನಚರಿತ್ರೆಯದು. ಹುಟ್ಟು, ಬಾಲ್ಯ, ಮೊದಲ ಚಿತ್ರ, ಅಡಿಟಿಪ್ಪಣಿ, ‘ಕಲಾವಿದರ ಆಪ್ತರು ನೆನೆಯುವಂತೆ’ ಇತ್ಯಾದಿ. ಎಲ್ಲವೂ ಅಸಲಿಯಂತೆ ಕಾಣಬೇಕು, ಎಲ್ಲವೂ ಕಟ್ಟುಕಥೆಯಾಗಿರಬೇಕು. ಮುಖಪುಟದಲ್ಲಿ ದಪ್ಪಕ್ಷರದಲ್ಲಿ ‘ನೊಂದ ಕಲಾವಿದನೊಬ್ಬನ ಜೀವನಚರಿತ್ರೆ’. ‘ಕಾದಂಬರಿ’ ಎಂಬ ಪದವೂ ಇದೆ. ಒಳಗೆ, ಮುದ್ರಕರ ವಿಳಾಸದ ಕೆಳಗೆ, ಇರುವೆ ಕನ್ನಡಕ ಹಾಕಿಕೊಂಡರೆ ಕಾಣುವಷ್ಟು.

ಕಲಾವಿದ ಯಾರು? ಬೇರೆ ಯಾರು ಸಿಗುತ್ತಾರೆ! ನಮ್ಮ ರಂಗಸಾಮಿ ಮಾವ, ಅಮ್ಮನ ತಮ್ಮ. ಹೆಸರು ಬದಲಿಸಿದ್ದೆ. ಮೂಗು ಬದಲಿಸಿರಲಿಲ್ಲ.

ಮಾವನ ಮನೆ ಸೂಲೂರಿನಲ್ಲಿ. ಕೆಲಸ ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ. (ಅಲ್ಲಿ ಟೀ-ಶರ್ಟ್ ಹೊಲಿದರೂ ಅದು ಬನಿಯನ್ ಕಂಪನಿಯೇ.) ಮಕ್ಕಳ ಟೀ-ಶರ್ಟಿನ ಎದೆಯ ಮೇಲೆ ನಗುವ ಆನೆ, ಟೋಪಿ ಹಾಕಿದ ಕರಡಿ, ಕಣ್ಣು ಹೊಡೆಯುವ ಲಾರಿ ಇರುತ್ತವಲ್ಲ, ಅವನ್ನು ಬರೆಯುವವರು. ನಾನು ಕಂಡ ಹಾಗೆ ಬಹಳ ಸುಖವಾಗಿರುವ ಮನುಷ್ಯ. ಮೊದಲ ಕರಡಿನಲ್ಲಿ ಹಾಗೇ ಬರೆದಿದ್ದೆ. ಮಾವ ಏಳುತ್ತಾರೆ. ಬಿಸಿ ಕಾಫಿ ಬರುತ್ತದೆ, ಕುಡಿಯುತ್ತಾರೆ. ಬುತ್ತಿ ಬರುತ್ತದೆ, ತೆಗೆದುಕೊಂಡು ತಿರುಪ್ಪೂರು ಬಸ್ಸು ಹತ್ತುತ್ತಾರೆ. ಆನೆ ಬರೆಯುತ್ತಾರೆ. ಮನೆಗೆ ಬಂದು ಊಟ ಮಾಡಿ ಗೊರಕೆ ಹೊಡೆಯುತ್ತಾರೆ.

ಬೆಂಗಳೂರಿನ ಸಂಪಾದಕಿ ಫೋನ್ ಮಾಡಿದರು. “ನಿಮ್ಮ ಕಲಾವಿದ ತುಂಬಾ ಚೆನ್ನಾಗಿ ಊಟ ಮಾಡ್ತಾರೆ. ಈಗಿನ ಹುಡುಗರಿಗೆ ಎಲ್ಲೋ ಒಂದು ಗಾಯ ಬೇಕು.”

ಆಕೆ ಕೇಳಿದ್ದು ಒಂದು ಗಾಯ. ನಾನು ಇಡೀ ಆಸ್ಪತ್ರೆ ಕೊಟ್ಟೆ.

ಮುಖಪುಟಕ್ಕೆ ಚಿತ್ರ ಬೇಕೆಂದಾಗ ಮಾವ ಕೂತಲ್ಲೇ ತಮ್ಮ ಮುಖ ತಾವೇ ಬರೆದುಕೊಟ್ಟರು. ನಗುತ್ತಿರುವ ಮುಖ. ಪುಸ್ತಕದಲ್ಲಿ ಬಾಯಿ ಕತ್ತರಿಸಿ ಕಣ್ಣು ಮಾತ್ರ ಹಾಕಿದರು. ಬಾಯಿ ತೆಗೆದರೆ ಯಾರ ಕಣ್ಣಾದರೂ ನೊಂದಂತೆಯೇ ಕಾಣುತ್ತದೆ. ಒಪ್ಪಿಗೆ ಕೊಟ್ಟವನು ನಾನೇ.

ಇಷ್ಟು ಧೈರ್ಯ ಎಲ್ಲಿಂದ ಬಂತು ಅಂತೀರಾ? ನಮ್ಮದು ಕೊಯಮತ್ತೂರು ಸೀಮೆಯ ಹಳೇ ಕನ್ನಡ ಮನೆತನ. ಮನೆಯೊಳಗೆ ಕನ್ನಡ, ಗೇಟು ದಾಟಿದರೆ ತಮಿಳು. ಕನ್ನಡ ನಾಲಿಗೆಗೆ ಗೊತ್ತು, ಕಣ್ಣಿಗೆ ಗೊತ್ತಿಲ್ಲ. ಇಡೀ ಬಳಗದಲ್ಲಿ ಕನ್ನಡ ಅಕ್ಷರ ಓದಬಲ್ಲವನು ಮೈಸೂರಿನಲ್ಲಿ ಕಾಲೇಜು ಮಾಡಿ ಬಂದ ನಾನೊಬ್ಬನೇ. ನಮ್ಮವರ ಬಗ್ಗೆ ಕನ್ನಡದಲ್ಲಿ ಏನು ಬರೆದರೂ ನಮ್ಮವರಿಗೆ ತಿಳಿಯುವುದಿಲ್ಲ. ಇದನ್ನು ನಾನು ಧೈರ್ಯ ಅಂದುಕೊಂಡಿದ್ದೆ. ಇದಕ್ಕೆ ಬೇರೆ ಹೆಸರಿದೆ, ಪತ್ರಿಕೆಯಲ್ಲಿ ಅಚ್ಚು ಹಾಕುವುದಿಲ್ಲ.

ಪುಸ್ತಕ ಬಂದ ದಿನ ಮಾವನ ಜಗಲಿಯಲ್ಲೇ ಬಿಡುಗಡೆ. ಮೊದಲ ಅಧ್ಯಾಯವನ್ನು ಮಾವನದೇ ದನಿಯಲ್ಲಿ ಓದಿದೆ. ಅವರ ಕೆಮ್ಮು, ಅವರ ಎಳೆತ, ಮಾತಿನ ಕೊನೆಗೆ ಅವರು ಸೇರಿಸುವ ‘ತಾನೆ?’, ಎಲ್ಲ ಹಾಕಿ. ಚಿಕ್ಕಂದಿನಲ್ಲಿ ಅವರು ಎಮ್ಮೆಯ ಬೆನ್ನ ಮೇಲೆ ಸುಣ್ಣದಲ್ಲಿ ಹೂ ಬರೆದು ಅಜ್ಜನ ಕೈಯಲ್ಲಿ ಪೆಟ್ಟು ತಿಂದ ಕಥೆ. ಮಾವ ಕಣ್ಣೊರೆಸಿಕೊಂಡು ನಕ್ಕರು.

“ಮಿಕ್ಕದ್ದನ್ನೂ ಓದು ಮಾಪ್ಳೆ,” ಅಂದರು. ಅಕ್ಕನ ಮಗ ಇಲ್ಲಿ ಮಾವನಿಗೆ ಮಾಪ್ಳೆ.

“ಸಸ್ಪೆನ್ಸ್ ಮಾವ,” ಅಂದು ಪುಸ್ತಕ ಮುಚ್ಚಿದೆ.

ಮುಚ್ಚಿದ್ದು ನಾನು. ತೆರೆದಿದ್ದು ಮಾವ. ತಮ್ಮ ಮೇಲೆ ಪುಸ್ತಕ ಬಂದ ಖುಷಿಗೆ ಒಂದು ಕಟ್ಟು ತರಿಸಿದರು. ಓದಬಲ್ಲವರಿಗೆ ತಾನೆ ಕೊಡಬೇಕು? ಅಂಥವರು ಅವರ ಬಳಿ ಸಾಕಷ್ಟಿದ್ದರು. ಭಾನುವಾರ ಬೆಳಿಗ್ಗೆ ಮಾವ ಜಗಲಿಯಲ್ಲಿ ಮಕ್ಕಳಿಗೆ ಡ್ರಾಯಿಂಗ್ ಕಲಿಸುತ್ತಾರೆ. ಹಿಂದಿನ ಬೀದಿಯ ಅಪಾರ್ಟ್‌ಮೆಂಟಿನಲ್ಲಿ ಕೆಲಸದ ಮೇಲೆ ಕರ್ನಾಟಕದಿಂದ ಬಂದ ಕುಟುಂಬಗಳು ತುಂಬಿವೆ. ಕನ್ನಡದಲ್ಲೇ ಕಲಿಸುವ ಮೇಷ್ಟ್ರು ಸಿಕ್ಕರೆಂದು ಅವರೆಲ್ಲ ಮಕ್ಕಳನ್ನು ಇಲ್ಲಿಗೇ ಕಳಿಸುತ್ತಿದ್ದರು. ಇಡೀ ವಾರ ಕಂಪನಿಗೆ ಆನೆ ಬರೆಯುವ ಮಾವ, ಆ ಬೆಳಿಗ್ಗೆಗಾಗಿಯೇ ಶನಿವಾರ ಸಂಜೆ ಪೆನ್ಸಿಲ್ ಚೂಪು ಮಾಡಿಡುತ್ತಿದ್ದರು.

ಆ ಒಬ್ಬೊಬ್ಬ ತಂದೆತಾಯಿಯ ಕೈಗೂ ಪುಸ್ತಕ ಕೊಟ್ಟು ಮಾವ ಹೇಳಿದ್ದು ಒಂದೇ ಮಾತು: “ಇದು ನನ್ನ ಕಥೆ. ಎಲ್ಲಾ ನಿಜ.”

ಮುಂದಿನದ್ದನ್ನು ನೀವೇ ಊಹಿಸಿರುತ್ತೀರಿ. ನಾನು ಊಹಿಸಿರಲಿಲ್ಲ, ನೋಡಿ.

ಮೊದಲ ಸುಳಿವು ಸಿಕ್ಕಿದ್ದು ಅತ್ತೆಗೆ. ಸರೋಜತ್ತೆ ಪಳನಿಗೆ ಹೋಗಿ ಬಂದ ಮರುದಿನ ಅಪಾರ್ಟ್‌ಮೆಂಟಿನ ವೀಣಾ ಎಂಬಾಕೆ, ದಾವಣಗೆರೆಯವರು, ತರಕಾರಿ ಗಾಡಿಯ ಹತ್ತಿರ ಅತ್ತೆಯ ಕೈ ಹಿಡಿದುಕೊಂಡರಂತೆ. “ನೀವು ವಾಪಸ್ ಬಂದ್ರಲ್ಲ ಆಂಟಿ, ಎಷ್ಟು ದೊಡ್ಡ ಮನಸ್ಸು ನಿಮ್ದು!”

“ಬರದೆ? ಬಸ್ಸು ಇತ್ತು ತಾನೆ,” ಅಂದರಂತೆ ಅತ್ತೆ.

ಅತ್ತೆ ಇದನ್ನು ನಗುತ್ತಾ ನನಗೆ ಹೇಳಿದರು. ಬಾಯಲ್ಲಿದ್ದ ಇಡ್ಲಿ ನನಗೆ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.

ಅಷ್ಟರಲ್ಲಿ ಭಾನುವಾರದ ಜಗಲಿ ಖಾಲಿಯಾಗತೊಡಗಿತ್ತು. ಮೊದಲು ವೀಣಾ ಅವರ ಮಗಳು ಸಿಂಚನಾ ನಿಂತಳು. ಆಮೇಲೆ ಅಣ್ಣತಮ್ಮಂದಿರಿಬ್ಬರು. ಆಮೇಲೆ ಯಾರು ನಿಂತರು ಅನ್ನುವುದಕ್ಕಿಂತ ಯಾರು ಬರುತ್ತಿದ್ದಾರೆ ಎಂದು ಕೇಳುವುದೇ ಸುಲಭವಾಯಿತು. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಮಾತು ನಡೆದಿತ್ತಂತೆ. ಕುಡುಕರಂತೆ, ಕೋಪಿಷ್ಠರಂತೆ, ಪಾಪ ಆ ಹೆಂಗಸು. ಮಾವನ ಮುಖದ ಮೇಲೆ ಕೇಳುವವರು ಯಾರು? ಎಲ್ಲರೂ ಮರ್ಯಾದಸ್ಥರು. ಮಗನಿಗೆ ಟ್ಯೂಷನ್, ಮಗಳಿಗೆ ಶೀತ.

ಒಂದು ಭಾನುವಾರ ಹೋದೆ. ಜಗಲಿಯಲ್ಲಿ ಮಾವ ಒಬ್ಬರೇ. ಗೋಡೆಗೆ ಫೋನು ಒರಗಿಸಿಕೊಂಡು, ವಿಡಿಯೋ ನಿಲ್ಲಿಸಿ ನಿಲ್ಲಿಸಿ, ತಟ್ಟೆಯಗಲದ ಕಣ್ಣಿರುವ ಜಪಾನಿ ಕಾರ್ಟೂನ್ ಹುಡುಗಿಯನ್ನು ಬರೆಯುವುದು ಕಲಿಯುತ್ತಿದ್ದರು. ರಬ್ಬರಿನ ಪುಡಿ ಮಡಿಲ ತುಂಬ.

“ಈಗಿನ ಪಿಳ್ಳೆಗಳಿಗೆ ಇದು ತಾನೆ ಇಷ್ಟ?” ಅಂದರು. “ತಪ್ಪು ನಂದೇ ಮಾಪ್ಳೆ. ಸುಮ್ನೆ ಆನೆ ಆನೆ ಅಂತ ಬರೆಸ್ತಿದ್ದೆ. ಬೋರ್ ಆಗಿರುತ್ತೆ.”

ನಾನು ಬಾಯಿ ತೆರೆದೆ. ಯಾರ ದನಿಯೂ ಬರಲಿಲ್ಲ, ನನ್ನದೂ.

ಅಲ್ಲೇ ಹೇಳಿಬಿಡಬಹುದಿತ್ತು. ಹೇಳಿದೆನಾ? ಇಲ್ಲ. ಹಿಂಬಾಗಿಲಿನಿಂದ ಸರಿಮಾಡುವ ಉಪಾಯ ಹೂಡಿದೆ. ನೇರವಾಗಿ ವೀಣಾ ಅವರ ಫ್ಲ್ಯಾಟಿಗೆ ಹೋಗಿ ಬೆಲ್ ಒತ್ತಿದೆ. ಎಲ್ಲ ಸುಳ್ಳು, ನಾನೇ ಕಟ್ಟಿದ್ದು, ಮಾವ ಕಾಫಿಗಿಂತ ಗಟ್ಟಿಯಾದದ್ದನ್ನು ಮುಟ್ಟಿದವರಲ್ಲ ಎಂದೆ.

ವೀಣಾ ಪುಸ್ತಕ ತಂದು ಮುಖಪುಟ ತೋರಿಸಿದರು. “ಜೀವನಚರಿತ್ರೆ ಅಂತ ನೀವೇ ಹಾಕಿದ್ದೀರಿ. ನಿಜ ಅಂತ ಅವರೇ ಹೇಳಿ ಕೊಟ್ಟಿದ್ದಾರೆ. ಈಗ ಕ್ಲಾಸ್ ನಿಂತ ಮೇಲೆ ಸುಳ್ಳು ಅಂತಿದ್ದೀರಿ. ಯಾವಾಗ ಹೇಳಿದ್ದನ್ನ ನಂಬಲಿ?”

“ಒಳಗೆ ಕಾದಂಬರಿ ಅಂತ ಇದೆ ಮೇಡಂ, ಚಿಕ್ಕದಾಗಿ...”

“ಸ್ವಂತ ಮಾವನ ಬಗ್ಗೆ ಯಾರಾದ್ರೂ ಸುಮ್ಮಸುಮ್ಮನೆ ಹೀಗೆಲ್ಲ ಬರೀತಾರಾ?” ಆಕೆಗೆ ನಿಜಕ್ಕೂ ಅರ್ಥವಾಗುತ್ತಿರಲಿಲ್ಲ. “ನನಗೂ ಹೆಣ್ಣುಮಗು ಇದೆ. ಬೇಜಾರು ಮಾಡ್ಕೋಬೇಡಿ. ಆಂಟಿ ಬಂದು ಹೇಳಲಿ, ನಂಬ್ತೀನಿ.”

ನ್ಯಾಯವಾದ ಮಾತು. ನನ್ನ ಜಾಗದಲ್ಲಿ ನಿಂತು ಕೇಳಿದ್ದಕ್ಕೆ ಇನ್ನಷ್ಟು ನ್ಯಾಯವಾಗಿ ಕೇಳಿಸಿತು. ಆಂಟಿ ಬಂದು ಹೇಳಬೇಕಾದರೆ, ಆಂಟಿಗೆ ಗೊತ್ತಾಗಬೇಕು.

ಅವತ್ತು ಸಂಜೆ ಅತ್ತೆ ಮಾವ ಇಬ್ಬರನ್ನೂ ಕೂರಿಸಿದೆ. ‘ಸಸ್ಪೆನ್ಸ್’ ಓದಿದೆ. ಮಾವನ ದನಿಯಲ್ಲಲ್ಲ. ಆ ದನಿಯಲ್ಲಿ ಆ ಮಾತುಗಳನ್ನು ಹೇಳಲು ನಾಲಿಗೆ ಒಪ್ಪಲಿಲ್ಲ. ಬರೆಯುವಾಗ ಕೈ ಹೇಗೆ ಒಪ್ಪಿತ್ತೋ!

ಅತ್ತೆ ಒಗೆದ ಬಟ್ಟೆ ಮಡಚುತ್ತಿದ್ದರು. ಕಥೆಯಲ್ಲಿ ಮಾವ ಬಾಟಲಿ ಹಿಡಿದಾಗ ಸುಮ್ಮನಿದ್ದರು. ಮಾವ ಕುಂಚ ಮಾರಿದಾಗಲೂ ಸುಮ್ಮನಿದ್ದರು. ಚಿತ್ರಗಳು ನೀರೊಲೆಗೆ ಬಿದ್ದಾಗ ಮಾತ್ರ, “ನೀರೊಲೆನಾ? ನಮ್ಮನೇಲಿ ಗೀಸರ್ ತಾನೆ?” ಅಂದರು. ಮೂರು ದಿನ ಬಿಡದೆ ಮಳೆ ಸುರಿದಾಗ, “ನಮ್ಮ ಒಣ ಸೂಲೂರಲ್ಲಾ?” ಅಂದರು. ಆಮೇಲೆ ಕಥೆಯ ಹೆಂಗಸು ಟ್ರಂಕು ಹಿಡಿದು ಬಸ್ಸು ಹತ್ತಿದಳು. ಅತ್ತೆ ಅರ್ಧ ಮಡಚಿದ ಅಂಗಿಯನ್ನು ಹಾಗೇ ಹಿಡಿದು ಕೂತರು.

ಮುಗಿಯಿತು. ಬೈಗುಳಕ್ಕೆ ಬೆನ್ನು ಒಡ್ಡಿ ಕೂತೆ.

ಮಾವ ಎದ್ದು ಗೋಡೆಯ ಮೇಲಿನ ತಮ್ಮ ಹಳೆಯ ಚಿತ್ರಗಳನ್ನು ನೋಡುತ್ತಾ ನಿಂತರು. ನೀರೊಲೆಗೆ ಹೋದವು ಎಂದು ನಾನು ಬರೆದ ಚಿತ್ರಗಳೇ. ಅತ್ತೆಯೇ ಒಂದೊಂದಾಗಿ ಕಟ್ಟು ಹಾಕಿಸಿದ್ದು. “ಇಷ್ಟು ಕಷ್ಟ ಬಂದಿದ್ರೆ ನಾನೂ ದೊಡ್ಡ ಆರ್ಟಿಸ್ಟ್ ಆಗಿರ್ತಿದ್ನೋ ಏನೋ ಮಾಪ್ಳೆ,” ಅಂದು ಒಳಗೆ ಹೋದರು.

ತಮಾಷೆಗೆ ಅಂದರಾ? ಇಪ್ಪತ್ತು ವರ್ಷದಿಂದ ಅವರ ದನಿ ಮಾಡುತ್ತಿದ್ದೇನೆ, ಇದೊಂದು ಮಾತಿನ ದನಿ ಮಾತ್ರ ನನಗೆ ಗೊತ್ತಾಗಲಿಲ್ಲ.

ಅತ್ತೆ ಅಂಗಿ ಮಡಚಿ ಮುಗಿಸಿ, ಸೀರೆ ಬದಲಿಸಿ ಬಂದರು. “ನಡಿ ಕಣ್ಣು. ಯಾವ ಮನೆ ತೋರಿಸು.” ನಮ್ಮ ಕಡೆ ಕಿರಿಯರನ್ನು ಮುದ್ದಿನಿಂದ ಕರೆಯುವುದು ‘ಕಣ್ಣು’ ಎಂದೇ.

ವೀಣಾ ಬಾಗಿಲು ತೆರೆದರು. ಅತ್ತೆ ಒಳಗೂ ಹೋಗಲಿಲ್ಲ, ಭಾಷಣವನ್ನೂ ಮಾಡಲಿಲ್ಲ. “ನಾನು ಎಲ್ಲಿಗೂ ಹೋಗಿರ್ಲಿಲ್ಲ ಕಣ್ಣು. ಪಳನಿಗೆ ಹೋಗಿದ್ದೆ, ಅವರೂ ಜೊತೆಗಿದ್ರು. ಭಾನುವಾರ ಪಿಳ್ಳೇನ ಕರ್ಕೊಂಡು ನೀನೂ ಬಾ. ಕೂತು ನೋಡು. ಮನೆ ಎಲ್ಲಾ ಹುಡುಕು. ಬಾಟಲು ಸಿಕ್ಕಿದ್ರೆ ನನಗೂ ತೋರಿಸು, ಇಷ್ಟು ವರ್ಷ ಎಲ್ಲಿಟ್ಟಿದ್ರು ಅಂತ ನೋಡ್ತೀನಿ.”

ವೀಣಾ ನಕ್ಕುಬಿಟ್ಟರು. ಅವರ ಹಿಂದಿನಿಂದ ಸಿಂಚನಾ ಇಣುಕಿದಳು. ಪುಸ್ತಕವನ್ನು ಎರಡು ಸಲ ಓದಿ ಅತ್ತಿದ್ದ ಹುಡುಗಿ. ಅವಳ ಮುಖದಲ್ಲಿ ನಿರಾಸೆಯೋ ನಿರಾಸೆ. “ಅಂದ್ರೆ... ಸರ್‌ಗೆ ಕಷ್ಟಾನೇ ಇರ್ಲಿಲ್ವಾ ಆಂಟಿ?”

“ಇದೆ ಕಣ್ಣು,” ಅತ್ತೆ ನನ್ನತ್ತ ಗಲ್ಲ ತಿರುಗಿಸಿದರು. “ಇಗೋ, ನಿಂತಿದೆ.”

ಭಾನುವಾರ ವೀಣಾ ಬಂದರು, ಸಿಂಚನಾ ಬಂದಳು, ಇನ್ನೂ ಕೆಲವು ಮಕ್ಕಳು ಬಂದರು. ಎಲ್ಲರೂ ಬರಲಿಲ್ಲ. ಅಣ್ಣತಮ್ಮಂದಿರ ಮನೆಯವರು ಬೇರೆ ಕ್ಲಾಸು ಹುಡುಕಿಕೊಂಡಿದ್ದರು. ಮಾವ ಹುಡುಗರ ಮುಂದೆ ಹೆಮ್ಮೆಯಿಂದ ಜಪಾನಿ ಹುಡುಗಿಯ ಚಿತ್ರ ಬಿಚ್ಚಿದರು. ಮಕ್ಕಳು ಒಂದು ಕ್ಷಣ ನೋಡಿದರು. “ಸರ್, ಆನೆ ಬರೆಸಿ ಸರ್,” ಅಂದಳು ಸಿಂಚನಾ. ಆಗ ಮಾವನ ಮುಖ ನೋಡಬೇಕಿತ್ತು. ನಾನು ನೋಡಲಿಲ್ಲ, ನೆಲ ನೋಡುತ್ತಿದ್ದೆ.

ಕ್ಲಾಸು ಮುಗಿದ ಮೇಲೆ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತೆ. ಅತ್ತೆ ಮಕ್ಕಳ ಲೋಟ ತೊಳೆಯುತ್ತಿದ್ದರು. ಪ್ರಾಯಶ್ಚಿತ್ತವನ್ನು ಜೇಬಿನಲ್ಲಿ ರೆಡಿ ಇಟ್ಟುಕೊಂಡೇ ಬಂದಿದ್ದೆ. ಸಂಪಾದಕಿಗೆ ಫೋನ್ ಮಾಡಿ ಒಪ್ಪಿಸಿದ್ದೇನೆ ಎಂದೆ. ಮುಂದಿನ ಮುದ್ರಣದಲ್ಲಿ ‘ಕಾದಂಬರಿ’ ಅಂತ ಮುಖಪುಟದಲ್ಲೇ ದೊಡ್ಡದಾಗಿ ಬರುತ್ತದೆ ಎಂದೆ. ಮಾವನ ನಗುವ ಬಾಯಿಯನ್ನೂ ವಾಪಸ್ ಹಾಕುತ್ತಾರೆ ಎಂದೆ.

“ಹೆಂಡತಿ ಬಿಟ್ಟು ಹೋಗುವ ಎರಡು ಅಧ್ಯಾಯ ಪೂರ್ತಿ ತೆಗೆಸ್ತೀನಿ ಅತ್ತೆ. ಸರಿ ತಾನೆ?”

ಅತ್ತೆ ಲೋಟ ಬೋರಲು ಹಾಕಿ, ಕೈ ಒರೆಸಿಕೊಂಡು, ನನ್ನ ಮುಖ ನೋಡಿದರು.

“ಬಿಟ್ಟು ಹೋದದ್ದಕ್ಕೆ ಎರಡು ಅಧ್ಯಾಯ ಬರೆದೆ ಕಣ್ಣು. ಇದ್ದದ್ದಕ್ಕೆ ಒಂದು ಸಾಲೂ ಬರೀಲಿಲ್ವಲ್ಲೋ?”