ಏಕಾದಶಿಗೆ ಚಾಕೊಲೇಟು

ನಮ್ಮ ಅತ್ತೆ, ಅಂದರೆ ಗಂಡನ ತಾಯಿ, ಹುಟ್ಟಿದ್ದು ಆಷಾಢ ಏಕಾದಶಿಯ ದಿನ. ತಾರೀಖು ಯಾರಿಗೂ ಗೊತ್ತಿಲ್ಲ, ತಿಥಿಯೇ ಗಟ್ಟಿ. ಹೀಗಾಗಿ ಜನ್ಮವಿಡೀ ಅವರ ಹುಟ್ಟುಹಬ್ಬ ಉಪವಾಸದಲ್ಲೇ ಕಳೆದಿತ್ತು. ಹೋದ ವರ್ಷ ನನ್ನ ಮಗಳ ಹುಟ್ಟುಹಬ್ಬದ ಕೇಕು ತಿಂದು, ಬೆರಳಿಗಂಟಿದ ಚಾಕೊಲೇಟು ನೆಕ್ಕುತ್ತಾ, "ನನ್ನ ಹುಟ್ಟಿದಬ್ಬಕ್ಕ ಒಮ್ಮೆರೆ ಇಂಥಾದ್ದು ತಿನ್ನಾಕ ಸಿಕ್ಕಿಲ್ಲ ನೋಡವಾ" ಎಂದು ನಕ್ಕಿದ್ದರು. ಈ ಸಲ ತಿನ್ನಿಸಿಯೇ ಸೈ ಎಂದು ಹಟ ಹಿಡಿದೆ.

ಫೋನಿನಲ್ಲಿ ಹಿಟ್ಟಿಲ್ಲದ ಚಾಕೊಲೇಟ್ ಕುಕೀಸಿನ ವಿಡಿಯೊ ಸಿಕ್ಕಾಗ ಅಡುಗೆಮನೆಯಲ್ಲೇ ಕುಣಿದುಬಿಟ್ಟೆ. ಹಿಟ್ಟಿಲ್ಲವೆಂದರೆ ಗೋಧಿಯಿಲ್ಲ, ಗೋಧಿಯಿಲ್ಲವೆಂದರೆ ಉಪವಾಸಕ್ಕೆ ನಡೆಯುತ್ತದೆ! ಮೊಟ್ಟೆಯ ಬಿಳಿ ಹಾಕಿ ಎಂದಳು ವಿಡಿಯೊದ ಹೆಂಗಸು. ಏಕಾದಶಿಗೆ ಮೊಟ್ಟೆ! ಬಾಯಿ ಮುಚ್ಚು ತಾಯಿ ಎಂದು ತುಪ್ಪ, ಹಾಲು ತೆಗೆದಿಟ್ಟುಕೊಂಡೆ. ಬಾದಾಮಿ ಎಂದಳು. ಸೊಲ್ಲಾಪುರದಲ್ಲಿ ಕೂತು, ಉಪವಾಸಕ್ಕೂ ನಡೆಯುವ ಶೇಂಗಾ ಬಿಟ್ಟು ಬಾದಾಮಿ ಹಾಕಲು ನನಗೇನು ತಲೆ ಕೆಟ್ಟಿದೆಯೇ? ಕೋಕೋ ವಿಷಯ ಮಾತ್ರ ಅಕ್ಕಲಕೋಟೆಗೆ ಫೋನ್ ಮಾಡಿ ಅತ್ತೆಯನ್ನೇ ಕೇಳಿದೆ.

"ಅದು ಕಾಳೋ, ಕಾಯೋ?"

"ಗಿಡದ ಕಾಯಿ ಒಳಗಿನ ಬೀಜಾರಿ ಅತ್ತಿ."

"ಹಂಗಾರ ನಡೀತೈತಿ ತಗೋ. ಯಾಕ ಕೇಳಾಕತ್ತಿ?"

"ಸುಮ್ನರಿ," ಎಂದು ಫೋನಿಟ್ಟೆ. ನಗು ತಡೆಯುವುದೇ ಕಷ್ಟವಾಗಿತ್ತು.

ಏಕಾದಶಿಯ ಬೆಳಿಗ್ಗೆ ಸ್ನಾನ ಮಾಡಿ ಶೇಂಗಾ ಹುರಿದೆ. ಮಿಕ್ಸರಿಗೆ ಹಾಕಿದರೆ ಬರೀ ಪುಡಿ. ಕಲ್ಲಿನ ಕುಟ್ಟಾಣಿಯಲ್ಲಿ ಕುಟ್ಟಿದರೆ ಎಣ್ಣೆ ಬಿಟ್ಟು, ಹಿಟ್ಟಿಲ್ಲದೆಯೂ ಮುದ್ದೆ ಕಟ್ಟುತ್ತದೆ. ಧಬಧಬ ಕುಟ್ಟಿದೆ. ಕೋಕೋ, ಸಕ್ಕರೆ, ತುಪ್ಪ, ಹಾಲು ಬೆರೆಸಿ, ಬಿಲ್ಲೆ ತಟ್ಟಿ ಓವನ್ನಿಗಿಟ್ಟೆ. ಮೇಲೆ ಸಣ್ಣಗೆ ಬಿರುಕುಬಿಟ್ಟುಕೊಂಡು, ಎಷ್ಟು ಚೆಂದ ಬಂದವು ಅಂತೀರಿ! ದೇವರಿಗೆ ನೈವೇದ್ಯವಾಗುವ ಮೊದಲು ರುಚಿ ನೋಡುವ ಪದ್ಧತಿ ನಮ್ಮಲ್ಲಿಲ್ಲ. ಡಬ್ಬಿ ತುಂಬಿಕೊಂಡು, ಮಗಳನ್ನು ಎಳೆದುಕೊಂಡು ಅಕ್ಕಲಕೋಟೆಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವಳದು ಮರಾಠಿಯಲ್ಲಿ ಒಂದೇ ರಾಗ, "ಮಮ್ಮಿ, ಏಕಚ್ ದೇ ನಾ!" ಒಂದೇ ಒಂದು ಎಂದು ಗೋಗರೆದರೂ ಕೊಡಲಿಲ್ಲ. ಕಂಡಕ್ಟರ್ ಕೂಡ ನಮ್ಮ ಸೀಟಿನ ಹತ್ತಿರ ಎರಡು ಸಲ ಮೂಗರಳಿಸಿ ಹೋದ.

ಡಬ್ಬಿ ತೆರೆದು ನೋಡಿದ ಅತ್ತೆ ವಿಠ್ಠಲನ ಮುಂದೆ ತಟ್ಟೆಯಿಟ್ಟು, ತುಳಸಿ ಹಾಕಿ, ಕೈಮುಗಿದು, ಒಂದನ್ನು ಎತ್ತಿ ಕಚ್ಚಿದರು. ಅಗಿಯುತ್ತಿದ್ದವರು ತಟ್ಟನೆ ನಿಲ್ಲಿಸಿಬಿಟ್ಟರು. ಕಣ್ಣಲ್ಲಿ ನೀರು. ಖುಷಿಗೆ ಎಂದುಕೊಂಡು ನಾನೂ ಒಂದು ಕಚ್ಚಿದೆ.

ಖಾರ! ಅದರ ಹಿಂದೆಯೇ ಬೆಳ್ಳುಳ್ಳಿ!

ಕುಟ್ಟಾಣಿ! ವರ್ಷಗಟ್ಟಲೆ ಅದರಲ್ಲಿ ಖಾರ, ಬೆಳ್ಳುಳ್ಳಿ ಹಾಕಿ ಶೇಂಗಾ ಚಟ್ನಿ ಕುಟ್ಟಿದ್ದೇನೆ; ಹಿಂದಿನ ದಿನವೂ ಕುಟ್ಟಿದ್ದೆ. ಶೇಂಗಾದ ಮೇಲೆ ಶೇಂಗಾ ತಾನೇ ಎಂದು ಬಟ್ಟೆಯಲ್ಲಿ ಒರೆಸಿ ಬಿಟ್ಟಿದ್ದೆ. ಅಯ್ಯೋ ನನ್ನ ಬುದ್ಧಿಗಿಷ್ಟು! ಒಂದು ದಿನವೂ ತಪ್ಪದ ವ್ರತವನ್ನು ನನ್ನ ಕೈಯಾರೆ ಕೆಡಿಸಿದ್ದೆ.

"ಉಗುಳ್ರಿ ಅತ್ತಿ! ಬಳ್ಳೊಳ್ಳಿ ಹತ್ತೇತ್ರಿ!" ಎಂದು ಅಳುತ್ತಲೇ ಅವರ ಬಾಯಿಯ ಮುಂದೆ ಅಂಗೈ ಚಾಚಿದೆ.

ಅತ್ತೆ ನುಂಗಿದರು. "ಯಾಕ ಅಳ್ತಿ ಹುಚ್ಚಿ? ನನಗಿಂತ ಮೊದಲ ಅವ ತಿಂದಾನ," ಎಂದು ವಿಠ್ಠಲನತ್ತ ಬೆರಳು ಮಾಡಿದರು. ಮಗಳು ಕಿಸಕ್ಕನೆ ನಕ್ಕಳು. ಅಳುತ್ತಿದ್ದ ನನಗೂ ನಗು ಒತ್ತರಿಸಿ ಬಂತು. ಮೂಗು ಒರೆಸಿಕೊಳ್ಳುತ್ತಾ ಬಿದ್ದುಬಿದ್ದು ನಕ್ಕೆ. ಅತ್ತೆ ಮಾತ್ರ ನಗಲಿಲ್ಲ. ಉಳಿದರ್ಧವನ್ನು ಕೈಯಲ್ಲಿ ಹಿಡಿದು ನೆಟ್ಟಗೆ ದೇವರಿಗೇ ಹೇಳಿದರು:

"ಇಷ್ಟ ವರ್ಷ ನಿನ್ನ ಏಕಾದಶಿ ನಾ ಮಾಡೀನಿ, ಪಾಂಡುರಂಗಾ. ಇವತ್ತೊಂದ ದಿನ ನನ್ನ ಹುಟ್ಟಿದಬ್ಬಾ ನೀ ಮಾಡು."

ಹೇಳಿ, ಅದನ್ನೂ ಬಾಯಿಗೆ ಹಾಕಿಕೊಂಡರು.